ಹಾಡು ಅದೇ, ಗುಡುಗು ಬೇರೆ

ಸಂಜೆ ಏಳೂವರೆ. ಗೋವಾದ ಕಲಂಗುಟ್‌ನಿಂದ ಬಾಗಾ ಕಡೆಗೆ ಹೋಗುವ ರಸ್ತೆಯಲ್ಲಿ ಬಾಡಿಗೆ ಸ್ಕೂಟರುಗಳ ಸಾಲು ಇನ್ನೂ ಕರಗಿಲ್ಲ. ಕಡಲಿಗೆ ಮುಖ ಮಾಡಿದ ಶಾಕ್ ಎಂಬ ಗುಡಿಸಲು ಹೋಟೆಲೊಂದರಲ್ಲಿ ನಾಲ್ವರು ವಾದಕರು ಶ್ರುತಿ ಕೂಡಿಸುತ್ತಿದ್ದಾರೆ. ಮೊದಲ ಅರ್ಧ ಗಂಟೆ ಬಾಬ್ ಮಾರ್ಲಿ, ಈಗಲ್ಸ್. ಮೀನಿನ ತಟ್ಟೆಗಳು ಬರುತ್ತವೆ, ಬಿಯರ್ ಬಾಟಲಿಗಳು ಖಾಲಿಯಾಗುತ್ತವೆ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಕಾರು ಮಾಡಿಕೊಂಡು ಬಂದ ಗೆಳೆಯರ ಗುಂಪಿನಲ್ಲಿ ಒಬ್ಬ ಎದ್ದು ನಿಂತು ಕೂಗುತ್ತಾನೆ: ‘ಸ್ಮೋಕ್ ಆನ್ ದ ವಾಟರ್!’ ಗಿಟಾರಿನವ ನಕ್ಕು ಕಾಲಬಳಿಯ ಪೆಡಲ್ ಒತ್ತುತ್ತಾನೆ. ಮೊದಲ ನಾಲ್ಕು ಸ್ವರ ಬಿದ್ದದ್ದೇ ತಡ, ಅಲ್ಲಿಯವರೆಗೆ ಮೊಬೈಲ್ ನೋಡುತ್ತಿದ್ದ ಮೇಜುಗಳೂ ತಲೆಯಾಡಿಸತೊಡಗುತ್ತವೆ.

ಆ ಗುಂಪು ಕೇಳಿದ್ದು ಒಂದು ಹಾಡನ್ನು. ಆದರೆ ಆ ಹಾಡು ಒಂದಲ್ಲ. ಡೀಪ್ ಪರ್ಪಲ್ ತಂಡ ಸ್ಟುಡಿಯೊಕ್ಕೆಂದು ನುಡಿಸಿದ್ದು ಒಂದು, ಅದೇ ತಂಡ ವೇದಿಕೆಯ ಮೇಲೆ ನುಡಿಸಿದ್ದು ಇನ್ನೊಂದು, ಐವತ್ತು ವರ್ಷಗಳಿಂದ ಊರೂರಿನಲ್ಲಿ ಬೇರೆಯವರು ನುಡಿಸುತ್ತ ಬಂದದ್ದು ಮತ್ತೊಂದು. ಹೆವಿ ಮೆಟಲ್ ಅಭಿಮಾನಿಗಳು ಒಂದೆಡೆ ಸೇರಿದರೆ ಈ ಮೂರರಲ್ಲಿ ಯಾವುದು ಮೇಲು ಎಂಬ ಜಗಳ ಗ್ಯಾರಂಟಿ. (ಡೀಪ್ ಪರ್ಪಲ್ ಮೆಟಲ್ಲೇ ಅಲ್ಲ, ಹಾರ್ಡ್ ರಾಕ್ ಎಂದು ತಕರಾರು ತೆಗೆಯುವವರೂ ಅದೇ ಮೇಜಿನಲ್ಲಿರುತ್ತಾರೆ.) ಈ ಜಗಳಕ್ಕೆ ಗೋವಾದಷ್ಟು ತಕ್ಕ ಜಾಗ ದೇಶದಲ್ಲಿ ಇನ್ನೊಂದಿಲ್ಲ. ಬೇರೆಯವರ ಹಾಡನ್ನು ಬಾಯಿಗೂ ಬೆರಳಿಗೂ ತಂದುಕೊಂಡು ನುಡಿಸುವುದು ಅಲ್ಲಿ ತಲೆಮಾರುಗಳ ಕಸುಬು.

ಹೋಟೆಲಿನ ಪಡಸಾಲೆಯಿಂದ ಒಸಾಕಾಕ್ಕೆ

1971ರ ಡಿಸೆಂಬರ್. ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿರುವ ಕ್ಯಾಸಿನೊದಲ್ಲಿ ಡೀಪ್ ಪರ್ಪಲ್ ಹೊಸ ಆಲ್ಬಂ ಮುದ್ರಿಸಬೇಕಿತ್ತು. ಅದಕ್ಕೆ ಮುಂಚೆ ಅಲ್ಲೇ ನಡೆದ ಫ್ರಾಂಕ್ ಜಪ್ಪಾ ಕಾರ್ಯಕ್ರಮದಲ್ಲಿ ಪ್ರೇಕ್ಷಕನೊಬ್ಬ ಹಾರಿಸಿದ ಬೆಂಕಿಯುಂಡೆಯಿಂದ ಕಟ್ಟಡವೇ ಸುಟ್ಟುಹೋಯಿತು. ಜಿನೀವಾ ಸರೋವರದ ಮೇಲೆ ಹರಡಿದ ಆ ಹೊಗೆಯೇ ಹಾಡಿನ ವಸ್ತು. ಜಾಗ ಕಳೆದುಕೊಂಡ ತಂಡ, ಚಳಿಗಾಲಕ್ಕೆಂದು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಪಡಸಾಲೆಗಳಲ್ಲಿ ವಾದ್ಯ ಹರಡಿಕೊಂಡು, ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೊ ಲಾರಿಯನ್ನು ಹೊರಗೆ ನಿಲ್ಲಿಸಿಕೊಂಡು, ‘ಮಷೀನ್ ಹೆಡ್’ ಆಲ್ಬಮಿನ ಬಹುಪಾಲನ್ನು ಮುಗಿಸಿತು.

ಎಂಟು ತಿಂಗಳ ನಂತರ, 1972ರ ಆಗಸ್ಟ್ 15ರಿಂದ 17ರವರೆಗೆ, ಒಸಾಕಾ ಮತ್ತು ಟೋಕಿಯೊಗಳಲ್ಲಿ ತಂಡ ನುಡಿಸಿದ್ದನ್ನು ಜಪಾನಿನ ಮಾರುಕಟ್ಟೆಗೆಂದು ಮುದ್ರಿಸಲಾಯಿತು. ಅದೇ ‘ಮೇಡ್ ಇನ್ ಜಪಾನ್’. ಎರಡು ಎಲ್‌ಪಿ ತಟ್ಟೆಗಳಲ್ಲಿ ಬರೀ ಏಳು ಹಾಡು. ಸ್ಟುಡಿಯೊದಲ್ಲಿ ನಾಲ್ಕೂವರೆ ನಿಮಿಷದ್ದಾಗಿದ್ದ ‘ಸ್ಪೇಸ್ ಟ್ರಕಿನ್’ ಇಲ್ಲಿ ಸುಮಾರು ಇಪ್ಪತ್ತು ನಿಮಿಷಕ್ಕೆ ಹಬ್ಬಿದೆ. ‘ಸ್ಮೋಕ್ ಆನ್ ದ ವಾಟರ್’ನಲ್ಲಿ ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್ ಆರಂಭದಲ್ಲೇ ರಿಫ್‌ನ ತಾಳದೊಡನೆ ಆಟವಾಡುತ್ತಾರೆ, ಕೊನೆಗೆ ಆರ್ಗನ್ ನುಡಿಸುವ ಜಾನ್ ಲಾರ್ಡ್ ಜೊತೆ ಸವಾಲು ಜವಾಬಿಗೆ ಇಳಿಯುತ್ತಾರೆ. ರಿಫ್ ಎಂದರೆ ಹಾಡಿನುದ್ದಕ್ಕೂ ಮರಳಿ ಮರಳಿ ಬರುವ, ಹಾಡಿನ ಬೆನ್ನೆಲುಬೇ ಆದ ಗಿಟಾರಿನ ಪುಟ್ಟ ಸ್ವರಗುಚ್ಛ.

1973ರಲ್ಲಿ ಅಮೆರಿಕದಲ್ಲಿ ಈ ಹಾಡು ಸಿಂಗಲ್ ಆಗಿ ಬಂದಾಗ ತಟ್ಟೆಯ ಒಂದು ಮುಖದಲ್ಲಿ ಸ್ಟುಡಿಯೊ ರೂಪ, ಇನ್ನೊಂದರಲ್ಲಿ ಜಪಾನಿನ ಲೈವ್ ರೂಪ. ಎರಡನ್ನೂ ಹೋಲಿಸಿ ನೋಡಿ ಎಂದು ಕಂಪನಿಯೇ ಕೇಳುಗರ ಕೈಗೆ ಕೊಟ್ಟ ಹಾಗಾಯಿತು.

ವೇದಿಕೆಯಲ್ಲಿ ಬದಲಾಗುವುದೇನು?

ಮೊದಲು ವೇಗ. ಸ್ಟುಡಿಯೊದಲ್ಲಿ ಡ್ರಮ್ಸ್ ನುಡಿಸುವವನ ಮುಂದೆ ಗಾಜಿನ ಗೋಡೆ, ವೇದಿಕೆಯಲ್ಲಿ ಹತ್ತಾರು ಸಾವಿರ ಜನ. ನಾಡಿ ಏರಿದಂತೆ ಲಯವೂ ಏರುತ್ತದೆ. ಐರನ್ ಮೇಡನ್ ತಂಡದ 1985ರ ‘ಲೈವ್ ಆಫ್ಟರ್ ಡೆತ್’ ಕೇಳಿದವರಿಗೆ ಅದೇ ಹಾಡುಗಳ ಸ್ಟುಡಿಯೊ ರೂಪ ಸ್ವಲ್ಪ ನಿಧಾನವೆನಿಸುವುದು ಇದರಿಂದಲೇ.

ಎರಡನೆಯದು ಶ್ರುತಿ. ಇದರ ಹಿಂದೆ ಒಂದು ಅಪಘಾತದ ಕತೆಯಿದೆ. ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಮುಂದೆ ಬ್ಲ್ಯಾಕ್ ಸಬಾತ್ ತಂಡದ ಗಿಟಾರ್ ವಾದಕರಾದ ಟೋನಿ ಅಯೋಮಿ, ಹದಿನೇಳರ ವಯಸ್ಸಿನಲ್ಲಿ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಎಡಗೈ ವಾದಕನಾದ ಅವರಿಗೆ ತಂತಿ ಒತ್ತಲು ಬೇಕಾದದ್ದೇ ಆ ಬೆರಳುಗಳು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡರು, ತೆಳು ತಂತಿ ಹಾಕಿದರು, 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಶ್ರುತಿಯನ್ನೇ ಇಳಿಸಿ ತಂತಿ ಸಡಿಲಿಸಿದರು. ಬ್ಲ್ಯಾಕ್ ಸಬಾತ್ ತಂಡದ ಆ ಭಾರದ, ನೆಲ ನಡುಗಿಸುವ ನಾದಕ್ಕೆ ಇದೂ ಒಂದು ಕಾರಣ. 1970ರ ‘ಪ್ಯಾರನಾಯ್ಡ್’ ತಟ್ಟೆಯಲ್ಲಿ ಮಾಮೂಲಿ ಶ್ರುತಿಯಲ್ಲಿದೆ. ನಂತರದ ವರ್ಷಗಳ ವೇದಿಕೆಯಲ್ಲಿ ತಂಡ ಅದನ್ನು ಕೆಳಗಿಳಿಸಿಯೇ ನುಡಿಸಿತು. ವಯಸ್ಸಾದ ಗಾಯಕರಿಗೂ ಇಳಿದ ಶ್ರುತಿ ಅನುಕೂಲ. ಹಳೆಯ ಮೆಟಲ್ ತಂಡಗಳ ಇತ್ತೀಚಿನ ಕಾರ್ಯಕ್ರಮಗಳಲ್ಲಿ ಹಾಡು ಕಪ್ಪಗಾದಂತೆ ಕೇಳಿಸಿದರೆ ಕಾರಣ ಬಹುಪಾಲು ಇದೇ.

ಮೂರನೆಯದು ಜನ. ಐರನ್ ಮೇಡನ್‌ನ ‘ಫಿಯರ್ ಆಫ್ ದ ಡಾರ್ಕ್’ 1992ರಲ್ಲಿ ಆಲ್ಬಮಿನಲ್ಲಿ ಬಂದಾಗ ಅದರ ಆರಂಭದ ರಾಗ ಗಿಟಾರಿನದು ಮಾತ್ರ. ವೇದಿಕೆಗೆ ಬಂದ ಮೇಲೆ ಆ ರಾಗವನ್ನು ಜನ ಬಾಯಲ್ಲಿ ಹಾಡತೊಡಗಿದರು, 1993ರಲ್ಲಿ ಲೈವ್ ರೂಪವೇ ಸಿಂಗಲ್ ಆಗಿ ಹೊರಬಂತು. ಇವತ್ತು ಸ್ಟುಡಿಯೊ ರೂಪ ಕೇಳಿದರೆ ಯಾರೋ ಗೈರುಹಾಜರಾದಂತೆ ಅನಿಸುತ್ತದೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ತಂಡ ಬಂದಾಗ ಈ ಹಾಡಿಗೆ ದನಿಗೂಡಿಸಿದವರಲ್ಲಿ ದೇಶದ ಮೂಲೆಮೂಲೆಗಳಿಂದ ರೈಲು ಹಿಡಿದು ಬಂದವರಿದ್ದರು. ಅದಕ್ಕೂ ಎರಡು ವರ್ಷ ಮೊದಲು, 2005ರಲ್ಲಿ, ಇದೇ ಮೈದಾನದಲ್ಲಿ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ನಡೆಸಿದ್ದರು. ಕ್ಯಾಸೆಟ್ಟಿನಲ್ಲಿ ಒಬ್ಬರೇ ಕೂತು ಕೇಳುತ್ತಿದ್ದ ಭಾವಗೀತೆಗಳು ಅಂದು ಜನಸಾಗರದ ಬಾಯಲ್ಲಿ ಬೇರೆಯೇ ಹಾಡಾದವು. ಪ್ರಕಾರ ಯಾವುದೇ ಇರಲಿ, ಲೈವ್ ರೂಪದಲ್ಲಿ ಕೇಳುಗನೂ ಒಂದು ವಾದ್ಯ.

ಲೈವ್ ಎಂದರೆ ಎಷ್ಟು ಲೈವ್?

ಇಲ್ಲೊಂದು ಗುಟ್ಟಿದೆ. ‘ಲೈವ್’ ಎಂದು ಮುದ್ರಿಸಿದ ತಟ್ಟೆಗಳೆಲ್ಲ ಪೂರ್ತಿ ಲೈವ್ ಅಲ್ಲ. ಜೂಡಾಸ್ ಪ್ರೀಸ್ಟ್ ತಂಡದ ‘ಅನ್‌ಲೀಶ್ಡ್ ಇನ್ ದಿ ಈಸ್ಟ್’ 1979ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಮುದ್ರಣವಾದದ್ದು. ವಾದ್ಯಗಳು ಅಲ್ಲಿಯವೇ. ಆದರೆ ಗಾಯಕ ರಾಬ್ ಹಾಲ್ಫರ್ಡ್ ಗಂಟಲು ಆ ದಿನಗಳಲ್ಲಿ ಕೆಟ್ಟಿದ್ದರಿಂದ ಹಾಡುಗಾರಿಕೆಯನ್ನು ಮರಳಿ ಸ್ಟುಡಿಯೊದಲ್ಲಿ ಮುದ್ರಿಸಿದರು. ಹೆಸರಿನ ‘ಈಸ್ಟ್’ ತೆಗೆದು ‘ಸ್ಟುಡಿಯೊ’ ಸೇರಿಸಿ ಟೀಕಾಕಾರರು ಲೇವಡಿ ಮಾಡಿದರು. ಥಿನ್ ಲಿಜಿ ತಂಡದ 1978ರ ‘ಲೈವ್ ಅಂಡ್ ಡೇಂಜರಸ್’ ವಿಷಯದಲ್ಲೂ ಇದೇ ತಗಾದೆ: ಬಹುಪಾಲು ಸ್ಟುಡಿಯೊದಲ್ಲಿ ತಿದ್ದಿದ್ದು ಎಂದರು ನಿರ್ಮಾಪಕ ಟೋನಿ ವಿಸ್ಕಾಂಟಿ, ತಂಡದವರು ಒಪ್ಪಲಿಲ್ಲ.

ಇದನ್ನು ಮೋಸ ಎನ್ನಬೇಕೇ? ಆ ಎರಡೂ ಆಲ್ಬಂಗಳು ಇವತ್ತಿಗೂ ಲೈವ್ ಆಲ್ಬಂಗಳ ಮುಂಚೂಣಿಯಲ್ಲೇ ಇವೆ. ಕಿವಿಗೆ ಒಪ್ಪಿದ್ದನ್ನು ಪಂಚನಾಮೆ ಮಾಡಲು ಹೋದವರಿಗೆ ಉಳಿದದ್ದು ಪಂಚನಾಮೆ ಮಾತ್ರ.

1982ರ ಎರಡು ತಟ್ಟೆಗಳ ಕದನ

ಲೈವ್ ಮತ್ತು ಕವರ್ (ಬೇರೆಯವರ ಹಾಡನ್ನು ನುಡಿಸುವುದು) ಎಂಬ ಗೆರೆಯೇ ಅಳಿಸಿಹೋಗುವ ಪ್ರಸಂಗ ನೋಡಬೇಕಾದರೆ 1982ಕ್ಕೆ ಹೋಗಬೇಕು. ಬ್ಲ್ಯಾಕ್ ಸಬಾತ್‌ನಿಂದ ಗಾಯಕ ಓಝಿ ಆಸ್ಬೋರ್ನ್ ಹೊರಬಿದ್ದು ಮೂರು ವರ್ಷವಾಗಿತ್ತು. ಅವರ ಜಾಗಕ್ಕೆ ರೋನಿ ಜೇಮ್ಸ್ ಡಿಯೊ ಬಂದಿದ್ದರು. ತಂಡ ತನ್ನ ಪ್ರವಾಸದ ಕಾರ್ಯಕ್ರಮಗಳನ್ನು ಮುದ್ರಿಸಿ ‘ಲೈವ್ ಈವಿಲ್’ ಸಿದ್ಧಪಡಿಸುತ್ತಿತ್ತು. ಅಷ್ಟರಲ್ಲಿ ಓಝಿ, ನ್ಯೂಯಾರ್ಕಿನ ರಿಟ್ಜ್ ಸಭಾಂಗಣದಲ್ಲಿ ಸೆಪ್ಟೆಂಬರಿನಲ್ಲಿ ಪೂರ್ತಿ ಸಬಾತ್ ಹಾಡುಗಳನ್ನೇ ಹಾಡಿ ‘ಸ್ಪೀಕ್ ಆಫ್ ದ ಡೆವಿಲ್’ ಎಂಬ ಲೈವ್ ಆಲ್ಬಮನ್ನು ನವೆಂಬರಿನಲ್ಲೇ ಮಾರುಕಟ್ಟೆಗೆ ಬಿಟ್ಟರು. ಅವರ ಗಿಟಾರಿನ ರ‍್ಯಾಂಡಿ ರೋಡ್ಸ್ ಅದೇ ವರ್ಷ ಮಾರ್ಚ್ 19ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಅವರ ಜಾಗದಲ್ಲಿ ಬ್ರ್ಯಾಡ್ ಗಿಲಿಸ್ ನಿಂತಿದ್ದರು.

‘ವಾರ್ ಪಿಗ್ಸ್’, ‘ಐರನ್ ಮ್ಯಾನ್’, ‘ಎನ್.ಐ.ಬಿ.’, ‘ಪ್ಯಾರನಾಯ್ಡ್’ ಎರಡೂ ಕಡೆ ಇವೆ. ಒಂದರಲ್ಲಿ ಮೂಲ ಗಾಯಕ, ಆದರೆ ಗಿಟಾರ್ ಬೇರೆಯವರದು. ಇನ್ನೊಂದರಲ್ಲಿ ಮೂಲ ಗಿಟಾರ್, ಆದರೆ ಗಾಯಕ ಬೇರೆ. ಈಗ ಹೇಳಿ, ಕವರ್ ಯಾವುದು?

ಕೇಳಿ ನೋಡಿದರೆ ಉತ್ತರ ಸಿಗುತ್ತದೆ. ‘ಐರನ್ ಮ್ಯಾನ್’ನಲ್ಲಿ ಹಾಡಿನ ಧಾಟಿ ರಿಫ್‌ನ ಹೆಜ್ಜೆಯಲ್ಲೇ ಹೆಜ್ಜೆಯಿಡುತ್ತದೆ. ಓಝಿ ಅದನ್ನು ಸಪಾಟಾಗಿ, ಸ್ವಲ್ಪ ಕಂಗಾಲಾದವನ ದನಿಯಲ್ಲಿ ಹಾಡುತ್ತಾರೆ. ಹಾಡಿನ ಭಯ ಇರುವುದೇ ಅಲ್ಲಿ. ಡಿಯೊ ಅವರಿಗಿಂತ ನೂರುಪಟ್ಟು ಸಮರ್ಥ ಗಾಯಕ. ಸ್ವರ ಎಳೆಯುತ್ತಾರೆ, ತಿರುಗಿಸುತ್ತಾರೆ, ನಾಟಕೀಯಗೊಳಿಸುತ್ತಾರೆ. ಕತೆಯ ಪಾತ್ರವೇ ಮಾತಾಡುತ್ತಿದ್ದಲ್ಲಿ ಈಗ ಕಥೆಗಾರ ಬಂದು ಕೂತಂತಾಗುತ್ತದೆ. ಗಿಟಾರಿನಲ್ಲಿ ಮಾತ್ರ ಉಲ್ಟಾ: ಗಿಲಿಸ್ ಬೆರಳುಗಳು ಚುರುಕು, ಆದರೆ ಅಯೋಮಿಯ ಭಾರಕ್ಕೆ ಅದು ಸಾಟಿಯಲ್ಲ. ‘ಲೈವ್ ಈವಿಲ್’ ಹೊರಬರುವ ಮೊದಲೇ, ಯಾರ ದನಿ ಎಷ್ಟು ಜೋರಿರಬೇಕೆಂಬ ಮಿಕ್ಸಿಂಗ್ ಜಗಳದಲ್ಲಿ ಡಿಯೊ ತಂಡ ಬಿಟ್ಟರು.

ಎರವಲಿನಿಂದ ಹುಟ್ಟಿದ ಪ್ರಕಾರ

ಕವರ್ ಎಂದರೆ ಎರಡನೇ ದರ್ಜೆ ಎಂದು ಮೂಗು ಮುರಿಯುವವರು ಚರಿತ್ರೆಯನ್ನು ಒಮ್ಮೆ ತಿರುವಬೇಕು. ಬ್ಲ್ಯಾಕ್ ಸಬಾತ್‌ನ ಮೊಟ್ಟಮೊದಲ ಸಿಂಗಲ್, 1970ರ ಜನವರಿಯ ‘ಈವಿಲ್ ವುಮನ್’, ಅಮೆರಿಕದ ಕ್ರೋ ಎಂಬ ತಂಡದ ಹಾಡು. ಜೂಡಾಸ್ ಪ್ರೀಸ್ಟ್‌ಗೆ ಹೆಸರು ತಂದ ‘ದ ಗ್ರೀನ್ ಮನಲಿಷಿ’ ಫ್ಲೀಟ್‌ವುಡ್ ಮ್ಯಾಕ್‌ನ ಪೀಟರ್ ಗ್ರೀನ್ ಬರೆದದ್ದು. ಅದೇ ಪ್ರೀಸ್ಟ್ ತಂಡವನ್ನು 1990ರಲ್ಲಿ ಅಮೆರಿಕದ ರೀನೊ ಊರಿನ ಕೋರ್ಟಿಗೆ ಎಳೆದ ಹಾಡೂ ಎರವಲೇ. ಇಬ್ಬರು ಯುವಕರು ಜೀವಕ್ಕೆ ಕೈಹಾಕಿಕೊಳ್ಳಲು ಅದರಲ್ಲಿ ಅಡಗಿದ ಸಂದೇಶ ಪ್ರೇರಣೆ ಎಂಬುದು ಆರೋಪ. ‘ಬೆಟರ್ ಬೈ ಯು, ಬೆಟರ್ ದ್ಯಾನ್ ಮಿ’ ಎಂಬ ಆ ಹಾಡು ಮೂಲತಃ ಸ್ಪೂಕಿ ಟೂತ್ ತಂಡದ್ದು. ನ್ಯಾಯಾಧೀಶರು ತಂಡವನ್ನು ಹೊಣೆಯಾಗಿಸಲಿಲ್ಲ.

ಮೆಟಾಲಿಕಾದ ಕತೆ ಇನ್ನೂ ಸ್ವಾರಸ್ಯ. 1982ರ ಮೊದಲ ಕಾರ್ಯಕ್ರಮಗಳಲ್ಲಿ ಅವರು ನುಡಿಸಿದ್ದರಲ್ಲಿ ಹೆಚ್ಚಿನವು ಬ್ರಿಟನ್ನಿನ ಹೆಸರಿಲ್ಲದ ತಂಡಗಳ ಹಾಡು. ಡೈಮಂಡ್ ಹೆಡ್ ತಂಡದ್ದಂತೂ ಹಲವು. ಡ್ರಮ್ಸ್‌ನ ಲಾರ್ಸ್ ಉಲ್ರಿಕ್ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿಗೆ ಹೋಗಿ ಆ ತಂಡದವರ ಮನೆಯಲ್ಲೇ ಬೀಡುಬಿಟ್ಟು ಬಂದಿದ್ದರು. ಇವು ಬೇರೆಯವರ ಹಾಡು ಎಂದು ವೇದಿಕೆಯಲ್ಲಿ ಹೇಳುವ ಗೋಜಿಗೆ ಅವರು ಹೋಗಲಿಲ್ಲ. ಕ್ಯಾಲಿಫೋರ್ನಿಯಾದ ಹುಡುಗರು ಅವನ್ನು ಮೆಟಾಲಿಕಾದ್ದೇ ಎಂದುಕೊಂಡರು. 1984ರಲ್ಲಿ ‘ಆ್ಯಮ್ ಐ ಈವಿಲ್?’ ಅನ್ನು ತಟ್ಟೆಗೇರಿಸಿ, ಮೂಲದವರ ಹೆಸರು ಹಾಕಿದರು. ಡೈಮಂಡ್ ಹೆಡ್ ಹೆಸರು ಲೋಕಕ್ಕೆ ಗೊತ್ತಾದದ್ದು ಹಾಗೆ.

ಕವರ್ ಗಾಯಕನೇ ಮೂಲ ತಂಡಕ್ಕೆ ಸೇರಿದ್ದೂ ಉಂಟು. ಜೂಡಾಸ್ ಪ್ರೀಸ್ಟ್ ಹಾಡುಗಳನ್ನಷ್ಟೇ ಹಾಡುವ ಟ್ರಿಬ್ಯೂಟ್ ತಂಡವೊಂದರಲ್ಲಿದ್ದ ಅಮೆರಿಕದ ಟಿಮ್ ಓವೆನ್ಸ್, 1996ರಲ್ಲಿ ಪ್ರೀಸ್ಟ್ ತಂಡದ್ದೇ ಗಾಯಕನಾದರು. 2003ರಲ್ಲಿ ಹಾಲ್ಫರ್ಡ್ ಮರಳುವವರೆಗೂ ಇದ್ದರು.

ಗೋವಾದ ಹಳೆಯ ಕಸುಬು

ಪೋರ್ಚುಗೀಸರ ಕಾಲದಿಂದ ಗೋವಾದ ಚರ್ಚುಗಳಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿ, ಪಿಟೀಲು, ಸಮೂಹಗಾನ ಕಲಿಸಲಾಗುತ್ತಿತ್ತು. ಹಾಳೆಯ ಮೇಲಿನದನ್ನು ನೋಡಿದ ಕೂಡಲೇ ನುಡಿಸಬಲ್ಲ ಈ ವಾದಕರನ್ನು ಮುಂಬೈನ ಹೋಟೆಲುಗಳೂ ಹಿಂದಿ ಚಿತ್ರರಂಗವೂ ಬಾಚಿಕೊಂಡವು. ‘ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್’ ಎಂದು ಹೆಸರಾದ ತುತ್ತೂರಿ ವಾದಕ ಚಿಕ್ ಚಾಕೊಲೇಟ್, ವಾದ್ಯವೃಂದ ಸಂಯೋಜಕರಾದ ಸೆಬಾಸ್ಟಿಯನ್ ಡಿಸೋಜ, ಆ್ಯಂಟನಿ ಗೊನ್ಸಾಲ್ವಿಸ್ ಎಲ್ಲ ಈ ನೆಲದವರು. ಇನ್ನೊಬ್ಬರ ಸಂಗೀತವನ್ನು ಚಾಚೂ ತಪ್ಪದೆ ನುಡಿಸುವುದು ಅವರಿಗೆ ಅನ್ನದ ದಾರಿಯಾಗಿತ್ತು.

ಸಿಯೋಲಿಮ್ ಊರಿನ ರೆಮೊ ಫರ್ನಾಂಡಿಸ್ ಕೂಡ ಹುಡುಗನಾಗಿದ್ದಾಗ ಪಣಜಿಯಲ್ಲಿ ವಿದೇಶಿ ತಂಡಗಳ ಹಾಡು ನುಡಿಸಿದವರೇ. 1984ರಲ್ಲಿ ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಪುಟ್ಟ ಯಂತ್ರದಲ್ಲಿ, ವಾದ್ಯಗಳನ್ನೆಲ್ಲ ತಾವೇ ನುಡಿಸಿ, ‘ಗೋವನ್ ಕ್ರೇಜಿ’ ಹೊರತಂದು ಸ್ಕೂಟರಿನಲ್ಲಿ ಕ್ಯಾಸೆಟ್ ಮಾರಿದರು. ಅದೇ 1984ರಲ್ಲಿ ಮುಂಬೈನಲ್ಲಿ ಶುರುವಾದ ರಾಕ್ ಮಷೀನ್ ತಂಡವೂ ಕವರ್‌ಗಳಿಂದ ಹೊರಟು 1988ರಲ್ಲಿ ಸ್ವಂತ ಹಾಡುಗಳ ಆಲ್ಬಮಿಗೆ ಬಂತು.

ಗೋವಾದಲ್ಲಿ ರಾಕ್ ವೇದಿಕೆ ಅದಾಗಲೇ ಒಂದು ಹೊಡೆತ ತಿಂದಿತ್ತು. 1970ರ ದಶಕದಲ್ಲಿ ಅಂಜುನಾ ಕಡಲತೀರದ ಹಿಪ್ಪಿಗಳ ಕೂಟಗಳಲ್ಲಿ ಗಿಟಾರ್, ಡ್ರಮ್ಸ್ ಇಟ್ಟುಕೊಂಡು ತಂಡಗಳೇ ನುಡಿಸುತ್ತಿದ್ದವು. 80ರ ದಶಕದ ಆರಂಭದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೊದಿಂದ ಬಂದು ನೆಲೆಸಿದ್ದ ಗೋವಾ ಗಿಲ್ ಮೊದಲಾದವರು ಎಲೆಕ್ಟ್ರಾನಿಕ್ ಸಂಗೀತದ ಕ್ಯಾಸೆಟ್ ಹಾಕತೊಡಗಿದರು. ಮುಂದೆ ‘ಗೋವಾ ಟ್ರಾನ್ಸ್’ ಎಂದು ಲೋಕವಿಖ್ಯಾತವಾದದ್ದು ಅದೇ. ಕಡಲತೀರದಲ್ಲಿ ಡಿಜೆ ಗೆದ್ದ, ಬ್ಯಾಂಡು ಊಟದ ಮೇಜುಗಳ ಪಕ್ಕಕ್ಕೆ ಸರಿಯಿತು.

ಹಾಗೆ ಸರಿದ ಬ್ಯಾಂಡು ಮೆಟಲ್‌ನಿಂದ ಆಯ್ದುಕೊಳ್ಳುವುದು ಕೆಲವನ್ನೇ. ಡೀಪ್ ಪರ್ಪಲ್, ಸಬಾತ್ ಸಿಗುತ್ತವೆ. ಐರನ್ ಮೇಡನ್, ಜೂಡಾಸ್ ಪ್ರೀಸ್ಟ್ ಅಪರೂಪ. ಇದು ಅಭಿರುಚಿಯ ಪ್ರಶ್ನೆಯಷ್ಟೇ ಅಲ್ಲ. ಮೊದಲೆರಡು ಒಂದೇ ಗಿಟಾರಿನ ತಂಡಗಳು. ಕೊನೆಯೆರಡರ ಜೀವ ಇರುವುದು ಎರಡು ಗಿಟಾರುಗಳು ಜೋಡಿಯಾಗಿ ನುಡಿಸುವ ಸ್ವರಸಾಂಗತ್ಯದಲ್ಲಿ. ಶಾಕಿನ ಮಾಲೀಕ ನಾಲ್ವರಿಗೆ ಸಂಭಾವನೆ ಕೊಡುವುದೇ ಕಷ್ಟ, ಐದನೆಯವ ಎಲ್ಲಿಂದ ಬರಬೇಕು? ಮೇಲಾಗಿ ಪ್ರವಾಸಿಗ ಹಣ ಕೊಡುವುದು ತನಗೆ ಗೊತ್ತಿರುವ ಹಾಡಿಗೆ, ಅದೂ ಗೊತ್ತಿರುವ ಹಾಗೆಯೇ. ಸೋಲೊದಲ್ಲಿ ಒಂದು ಸ್ವರ ತಪ್ಪಿದರೆ ಕೂಗುತ್ತಾನೆ, ಹೊಸದೊಂದು ಸ್ವರ ಸೇರಿಸಿದರೂ ಕೂಗುತ್ತಾನೆ. ಸ್ವಂತ ಹಾಡು ಕಟ್ಟಿದ ವಾದಕರು ಅದನ್ನು ಜೇಬಿನಲ್ಲೇ ಇಟ್ಟುಕೊಳ್ಳುವಂತಾಗಿರುವುದು ಕೇಳುಗರ ಈ ಹಟದಿಂದ. ಒಮ್ಮೆಯಾದರೂ ಅವರದೇ ಹಾಡನ್ನು ಕೇಳಿ ನೋಡಬಾರದೇ?

ಹತ್ತು ಗಂಟೆಯ ಗೆರೆ, ಕೋರ್ಟಿನ ಕಾಗದ

ಗೋವಾದ ಲೈವ್ ಸಂಗೀತವನ್ನು ತಿದ್ದುವ ಇನ್ನೊಂದು ಕೈ ಕಾನೂನಿನದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಲು ಸರ್ಕಾರಕ್ಕೆ ಅಧಿಕಾರವಿದೆ. ತೆರೆದ ಶಾಕಿನಲ್ಲಿ ಇಪ್ಪತ್ತು ನಿಮಿಷದ ‘ಸ್ಪೇಸ್ ಟ್ರಕಿನ್’ಗೆ ಎಲ್ಲಿದೆ ಸಮಯ?

ಇನ್ನು ಹಕ್ಕುಸ್ವಾಮ್ಯ. ಬೇರೆಯವರ ಹಾಡನ್ನು ಮತ್ತೆ ಮುದ್ರಿಸಿ ಮಾರುವುದಕ್ಕೆ 2012ರ ತಿದ್ದುಪಡಿಯಿಂದ ಬಂದ 31ಸಿ ಕಲಂ ದಾರಿ ಮಾಡಿಕೊಟ್ಟಿದೆ. ಮೂಲ ಮುದ್ರಣವಾಗಿ ಐದು ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಮುಂಗಡ ಕಟ್ಟಬೇಕು, ಇದು ಕವರ್ ಎಂದು ಹೊದಿಕೆಯ ಮೇಲೆ ಹೇಳಬೇಕು. ಸಣ್ಣ ತಂಡಗಳಿಗೆ ಇದು ಎಟುಕದ ಮೊತ್ತ. ವೇದಿಕೆಯಲ್ಲಿ ನುಡಿಸುವುದಕ್ಕೆ ಬೇರೆ ಪರವಾನಗಿ ಬೇಕು.

ಮದುವೆಗಳಿಗೆ ಮಾತ್ರ ವಿನಾಯಿತಿಯಿದೆ, ಅದರ ಗಡಿ ಎಲ್ಲಿ ಎಂಬುದೇ ಜಗಳ. ಮದುವೆಗೆ ಸಂಬಂಧಿಸಿದ ಸಮಾರಂಭಗಳಲ್ಲಿ ಸಂಗೀತಕ್ಕೆ ರಾಯಧನ ಕೇಳಬಾರದೆಂದು ಗೋವಾ ಸರ್ಕಾರ 2024ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಹಕ್ಕುದಾರ ಸಂಸ್ಥೆಗಳು ಕೋರ್ಟಿಗೆ ಹೋದವು. ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದೇ ವರ್ಷ ಆಗಸ್ಟಿನಲ್ಲಿ ಆ ಸುತ್ತೋಲೆಯನ್ನು ರದ್ದುಮಾಡಿತು. ಕಾಯ್ದೆಯಲ್ಲಿರುವ ವಿನಾಯಿತಿಯನ್ನು ಸುತ್ತೋಲೆಯಿಂದ ಹಿಗ್ಗಿಸಲಾಗದು ಎಂಬುದು ಅದರ ತಾತ್ಪರ್ಯ. ಕಡಲತೀರದ ಮದುವೆಗಳಿಂದ ಬದುಕುವ ಊರಿಗೆ ಇದು ಸಣ್ಣ ವಿಷಯವಲ್ಲ.

ಯಾವುದನ್ನು ಕೇಳಬೇಕು?

ಒಂದು ಹಾಡಿನಲ್ಲಿ ಯಾವುದು ಗಟ್ಟಿ, ಯಾವುದು ಅಲಂಕಾರ ಎಂದು ತಿಳಿಯಲು ಅದನ್ನು ಬೇರೆ ಕೈಗೆ ಕೊಟ್ಟು ನೋಡಬೇಕು. ಹೆಲ್ಸಿಂಕಿಯ ಸಿಬೇಲಿಯಸ್ ಅಕಾಡೆಮಿಯ ನಾಲ್ವರು ವಿದ್ಯಾರ್ಥಿಗಳು 1996ರಲ್ಲಿ ಆಪೊಕ್ಯಾಲಿಪ್ಟಿಕಾ ಎಂಬ ಹೆಸರಿನಲ್ಲಿ ಮೆಟಾಲಿಕಾದ ಹಾಡುಗಳನ್ನು ಬರೀ ಚೆಲೊಗಳಲ್ಲಿ ನುಡಿಸಿದರು. ದನಿಯಿಲ್ಲ, ಡ್ರಮ್ಸ್ ಇಲ್ಲ. ರಿಫ್ ಮಾತ್ರ ಉಳಿಯಿತು, ಹಾಡೂ ಉಳಿಯಿತು. ಸಬಾತ್‌ನ ‘ಚೇಂಜಸ್’ ಅನ್ನು ಸೋಲ್ ಗಾಯಕ ಚಾರ್ಲ್ಸ್ ಬ್ರ್ಯಾಡ್ಲಿ 2016ರ ಆಲ್ಬಮಿನಲ್ಲಿ ಹಾಡಿದಾಗ ಅದರಲ್ಲಿ ಮೆಟಲ್‌ನ ಸುಳಿವೂ ಇಲ್ಲ, ದುಃಖ ಮಾತ್ರ ಮೂಲಕ್ಕಿಂತ ಆಳ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಸಬಾತ್‌ನ ಕೊನೆಯ ಕಾರ್ಯಕ್ರಮದಲ್ಲಿ ಮೆಟಾಲಿಕಾ, ಸ್ಲೇಯರ್, ಪ್ಯಾಂಟೆರಾ ತಂಡಗಳು ಸಬಾತ್ ಹಾಡುಗಳನ್ನು ನುಡಿಸಿದವು. ಹದಿನೇಳು ದಿನಗಳ ನಂತರ ಓಝಿ ತೀರಿಕೊಂಡರು.

ಹೊಸದಾಗಿ ಕೇಳಲು ಕೂರುವವರು ‘ಡೈಮಂಡ್ಸ್ ಅಂಡ್ ರಸ್ಟ್’ನಿಂದ ಶುರುಮಾಡಲಿ. ಮೊದಲು ಜೋನ್ ಬಾಯೆಜ್ 1975ರಲ್ಲಿ ಹಾಡಿದ ಮೂಲ, ಆಮೇಲೆ ಜೂಡಾಸ್ ಪ್ರೀಸ್ಟ್ 1977ರಲ್ಲಿ ಸ್ಟುಡಿಯೊದಲ್ಲಿ ಮಾಡಿದ ಕವರ್, ಕೊನೆಗೆ 1979ರ ಟೋಕಿಯೊದ್ದು. ಮೂಲಕ್ಕೆ ಅದರದೇ ಘನತೆಯಿದೆ, ಅದನ್ನು ಯಾರೂ ಕಸಿಯಲಾರರು. ಆದರೆ ಮೂರರಲ್ಲಿ ಮತ್ತೆ ಹಾಕಿ ಕೇಳಬೇಕೆನಿಸುವುದು, ಗಂಟಲು ಸ್ಟುಡಿಯೊದ್ದೇ ಆಗಿರಲಿ, ಟೋಕಿಯೊ ರೂಪವೇ.